ಅಟ್ಟದ ಮೇಲಿನ ಎಚ್ಚರ: ಬಯಲಾಟ ನೋಡಹೊರಟವರಿಗೊಂದು ಕೈಪಿಡಿ

ಬಯಲಾಟಕ್ಕೆ ಮೊದಲ ಸಲ ಹೊರಟವರಿಗೆ ನಾನು ಹೇಳುವುದು ಇಷ್ಟೇ: ಕಿರೀಟ ತೊಟ್ಟವನ ಮೇಲೇ ಕಣ್ಣು ನೆಟ್ಟು ಕೂರಬೇಡಿ. ಅವನ ಪಕ್ಕದಲ್ಲಿ ಸಾದಾ ವೇಷದಲ್ಲಿ ನಿಂತ ಸಾರಥಿಯನ್ನು ನೋಡಿ. ಹಿಂದೆ ತಾಳ ಹಿಡಿದ ಮಾಸ್ತರರನ್ನು ನೋಡಿ. ಮದ್ದಳೆಯವನ ಕಣ್ಣು ಯಾರ ಕಾಲಿನ ಮೇಲಿದೆ ಎಂದು ನೋಡಿ. ಒಂದು ತಾಸು ಹೀಗೆ ನೋಡಿದರೆ ಅಟ್ಟ ಬೇರೆಯೇ ಆಗಿ ಕಾಣತೊಡಗುತ್ತದೆ. ರಾಜ, ರಾಕ್ಷಸ, ದೇವಿ ಎಂದು ಅಬ್ಬರಿಸುವವರ ನಡುವೆ ಇನ್ನೊಂದು ಮಾತುಕತೆ ಸದ್ದಿಲ್ಲದೆ ನಡೆದಿರುತ್ತದೆ. ಸಾಕು, ಹಿಂದೆ ಸರಿ, ಉಸಿರು ತಗೋ, ಕಿರೀಟ ಜಾರುತ್ತಿದೆ, ಅಂಚಿಗೆ ಹೋಗಬೇಡ ಎಂಬುದೆಲ್ಲ ಕಣ್ಣಿನಲ್ಲಿ, ತಾಳದಲ್ಲಿ, ಹಾಡಿನ ಒಂದು ಸಾಲಿನಲ್ಲಿ ದಾಟಿ ಹೋಗುತ್ತದೆ. ಈ ಎರಡನೆಯ ಮಾತುಕತೆ ಕೇಳಿಸತೊಡಗಿದ ಮೇಲೆಯೇ ಬಯಲಾಟದ ರುಚಿ ಹತ್ತುವುದು ಎಂಬುದು ನನ್ನ ಗಟ್ಟಿ ನಂಬಿಕೆ.

ಆಟ ನೋಡಲು ಎಲ್ಲಿಗೆ ಹೋಗಬೇಕು ಎಂದರೆ, ನಮ್ಮ ಸೀಮೆಯ ಕಾನಹೊಸಹಳ್ಳಿಯಿಂದ ಹೊರಡಿ. ಆ ಊರು ಇರುವುದು ಕೂಡ್ಲಿಗಿಯಿಂದ ಚಿತ್ರದುರ್ಗದ ಕಡೆಗೆ ಹೋಗುವ ಹೆದ್ದಾರಿಯ ಮೇಲೆ. ಹಗಲು ರಾತ್ರಿ ಲಾರಿ ಓಡುವ ದಾರಿ ಅದು. ಆ ಸದ್ದು ಬಿಟ್ಟು ಒಳಗಿನ ಹಳ್ಳಿಗಳಿಗೆ ಹೊರಳಿದರೆ ಬಯಲಾಟದ ಒಂದು ಬಗೆಯಾದ ದೊಡ್ಡಾಟದ ಸೀಮೆ ಶುರುವಾಗುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ತಾಲ್ಲೂಕುಗಳಲ್ಲಿ ಶೇಂಗಾ, ಜೋಳ ಮನೆ ಸೇರಿದ ಮೇಲೆ, ಊರ ಜಾತ್ರೆಗೋ ಯುಗಾದಿಯ ಹಿಂದುಮುಂದಿಗೋ ಅಟ್ಟ ಏಳುವುದುಂಟು. 2021ರಲ್ಲಿ ಈ ತಾಲ್ಲೂಕುಗಳು ಬಳ್ಳಾರಿಯಿಂದ ವಿಜಯನಗರ ಜಿಲ್ಲೆಗೆ ಬಂದವು. ಹರಪನಹಳ್ಳಿಯಂತೂ ಅದಕ್ಕೆ ಮೊದಲು ದಾವಣಗೆರೆ ಜಿಲ್ಲೆಗೂ ಹೋಗಿ ಬಂದಿದೆ. ಕಾಗದದ ಮೇಲೆ ಜಿಲ್ಲೆ ಎಷ್ಟು ಸಲ ಬದಲಾದರೂ ಒಂದೂರಿನ ಮಾಸ್ತರರು ಇನ್ನೊಂದೂರಿಗೆ ಹೋಗಿ ಆಟ ಕಲಿಸುವುದು ನಿಂತಿಲ್ಲ.

ಇಷ್ಟೆಲ್ಲ ಎಚ್ಚರ ಬೇಕಾಗುವಂಥ ಅಪಾಯ ಆಟದಲ್ಲಿ ಏನಿದೆ ಎಂದು ಹೊಸಬರು ಕೇಳುತ್ತಾರೆ. ಅಟ್ಟ ಎಂದರೆ ಹಲಗೆ ಜೋಡಿಸಿ ನೆಲದಿಂದ ಎತ್ತರಕ್ಕೆ ಎಬ್ಬಿಸಿದ ರಂಗ. ಕುಣಿತದ ಪೆಟ್ಟು ಹಲಗೆಯ ಮೇಲೆ ಬಿದ್ದು ದಡದಡ ಅನ್ನಬೇಕು, ಆಗಲೇ ಜನಕ್ಕೆ ಹುರುಪು. ಹಲಗೆಯ ಸಂದಿಯಲ್ಲಿ ಕಾಲು ಸಿಕ್ಕಿದರೆ ಮಾತ್ರ ಹುರುಪು ಅಲ್ಲಿಗೇ ಮುಗಿಯಿತು. ಹಗುರ ಮರದಲ್ಲಿ ಕೊರೆದು ಬೇಗಡೆ, ಕನ್ನಡಿ ಚೂರು ಅಂಟಿಸಿದ ಕಿರೀಟ, ಭುಜಕೀರ್ತಿ, ಎದೆಗಟ್ಟು ರಾತ್ರಿಯೆಲ್ಲ ಹೊತ್ತು ಕುಣಿಯುವವನಿಗೆ ಭಾರವೇ. ಅವನಿಗೆ ಪಕ್ಕದ್ದು ಸರಿಯಾಗಿ ಕಾಣದು, ಕೈ ಪೂರ್ತಿ ಮೇಲೆತ್ತಲು ಆಗದು. ಕತ್ತಿ, ಗದೆ ಮರದ್ದಾದರೂ ಕಣ್ಣಿಗೆ ತಗುಲಿದರೆ ಕಣ್ಣು ಹೋಗುತ್ತದೆ. ರಾಕ್ಷಸನ ಪ್ರವೇಶಕ್ಕೆ ಪಂಜು ಹಿಡಿದು ರಾಳದ ಪುಡಿ ಎರಚುವ ಕಡೆ ಬೆಂಕಿಯೂ ಕೂಡಿಕೊಳ್ಳುತ್ತದೆ.

ಇದು ಮೈಯ ಮಾತು. ಮನಸ್ಸಿನದು ಇದಕ್ಕಿಂತ ಸೂಕ್ಷ್ಮ. ಆಡುವವರು ಹಗಲು ಹೊಲದಲ್ಲಿ ದುಡಿಯುವ ಮಂದಿ. ಅಣ್ಣತಮ್ಮಂದಿರು, ಮಾವ ಅಳಿಯಂದಿರು, ಬದುವಿನ ತಂಟೆ ಇನ್ನೂ ತೀರದ ನೆರೆಹೊಲದವರು. ದುರ್ಯೋಧನನಾದವನು ಭೀಮನಾದವನನ್ನು ಊರೆಲ್ಲ ಕೂತು ನೋಡುವಾಗ ಏಕವಚನದಲ್ಲಿ ಜರೆಯಬೇಕು. ರಾತ್ರಿ ಎರಡು ಗಂಟೆಗೆ, ನಿದ್ದೆಗೆಟ್ಟು, ಮದ್ದಳೆಯ ಏರಿನಲ್ಲಿ ಮೈ ಬಿಸಿಯಾದಾಗ ಆ ಬೈಗುಳ ಪಾತ್ರದ್ದೋ ಬದುವಿನದೋ ಎಂಬ ಗೆರೆ ಮಸುಕಾಗಬಹುದು. ಆ ಗೆರೆ ಕಾಯುವ ಏರ್ಪಾಡನ್ನು ನಮ್ಮ ಹಿರಿಯರು ಆಟದೊಳಗೇ ನೇಯ್ದಿದ್ದಾರೆ.

ಹೊರದೇಶಗಳ ಒಂದು ಆಟದ ಜೊತೆ ಇಟ್ಟು ನೋಡಿದರೆ ಈ ನೇಯ್ಗೆ ಚೆನ್ನಾಗಿ ಕಾಣುತ್ತದೆ. ಅಲ್ಲಿ ಲಾರ್ಪ್ ಎಂಬ ಆಟವಿದೆ. ಪ್ರೇಕ್ಷಕರೇ ಇಲ್ಲ, ಬಂದವರೆಲ್ಲ ಪಾತ್ರಗಳು. ಕಾಡಿನಲ್ಲೋ ಹಳೆಯ ಕೋಟೆಯಲ್ಲೋ ಒಂದೆರಡು ದಿನ ರಾಜನಾಗಿ, ಕಳ್ಳನಾಗಿ, ಮಾಂತ್ರಿಕನಾಗಿ ಬದುಕುತ್ತಾರೆ, ಹುಸಿಕತ್ತಿ ಹಿಡಿದು ಕಾದಾಡುತ್ತಾರೆ. ಆಟದ ಬಿಸಿಯಲ್ಲಿ ನಿಜವಾದ ನೋವು ಗೊತ್ತಾಗದೆ ಹೋಗಬಾರದೆಂದು ಕೆಲವು ಕೂಗು, ಸನ್ನೆಗಳನ್ನು ಮೊದಲೇ ಗೊತ್ತುಮಾಡಿಕೊಂಡಿರುತ್ತಾರೆ. ಅಮೆರಿಕದ ಬರ್ಕ್ಲಿಯಲ್ಲಿ 1966ರಲ್ಲಿ ಶುರುವಾದ ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೊನಿಸಂ ಎಂಬ ಸಂಘದವರು ಹಳೆಯ ಕಾಲದ ಕಾಳಗ ಆಡುತ್ತಾರೆ. ಅಲ್ಲಿ ಯಾರೇ 'ಹೋಲ್ಡ್' ಎಂದು ಕೂಗಲಿ, ಎಲ್ಲರೂ ಇದ್ದಲ್ಲೇ ನಿಲ್ಲಬೇಕು. ಬ್ರಿಟನ್ನಿನ ಆಟಗಳಲ್ಲಿ ಯಾರಿಗಾದರೂ ನಿಜವಾಗಿ ಪೆಟ್ಟಾದರೆ 'ಮ್ಯಾನ್ ಡೌನ್' ಎನ್ನುತ್ತಾರೆ. ನಾರ್ವೆ, ಸ್ವೀಡನ್ ಕಡೆ 'ಕಟ್' ಎಂದರೆ ಪೂರ್ತಿ ನಿಲ್ಲಿಸುವುದು, 'ಬ್ರೇಕ್' ಎಂದರೆ ಬಿಸಿ ಇಳಿಸುವುದು. ಬೆರಳು ಸುತ್ತಿ 'ಓಕೆ' ತೋರಿಸಿ ಎದುರಿನವರ ಹೆಬ್ಬೆರಳು ಮೇಲಾಯಿತೋ ಕೆಳಗಾಯಿತೋ ನೋಡುವ ಸನ್ನೆಯೂ ಇದೆ. ಕಣ್ಣಿಗೆ ಕೈ ಅಡ್ಡ ಹಿಡಿದು ಹೊರಟವರನ್ನು ಯಾರೂ ತಡೆಯುವುದಿಲ್ಲ, ಯಾಕೆಂದು ಕೇಳುವುದಿಲ್ಲ. ಇದರಲ್ಲಿ ನಮಗೆ ಅಪರಿಚಿತವಾದದ್ದು ಏನೂ ಇಲ್ಲ. ನಮ್ಮ ಮಕ್ಕಳು ಓಡಾಟದ ನಡುವೆ ಹೆಬ್ಬೆರಳೆತ್ತಿ 'ಟೈಂ ಪ್ಲೀಸ್' ಅನ್ನುವುದು ಇದೇ ತಾನೆ?

ಆದರೆ ಅಲ್ಲಿಯ ಕೂಗುಗಳೆಲ್ಲ ಕಥೆಯ ಹೊರಗೆ ನಿಂತಿವೆ. 'ಹೋಲ್ಡ್' ಎಂದ ಕ್ಷಣ ರಾಜನೂ ಇಲ್ಲ, ರಣರಂಗವೂ ಇಲ್ಲ. ಹುಲ್ಲುಗಾವಲಿನಲ್ಲಿ ನಿಂತ ಒಂದಷ್ಟು ಜನ ಮಾತ್ರ. ಬಯಲಾಟದಲ್ಲಿ ಹಾಗೆ ನಿಲ್ಲಿಸುವಂತಿಲ್ಲ, ಎದುರಿಗೆ ಊರೇ ಕೂತಿದೆ. ಹೀಗಾಗಿ ನಮ್ಮವರು ಎಚ್ಚರಿಕೆಯ ಕೂಗನ್ನೇ ಕಥೆಯ ಬಟ್ಟೆ ತೊಡಿಸಿ ಒಳಗೆ ತಂದರು. ರಸಿಕರು ಸವಿಯಬೇಕಾದ ಜಾಣ್ಮೆ ಇದೇ.

ಮೊದಲು ಸಾರಥಿ. ದೊಡ್ಡಾಟದಲ್ಲಿ ಪಾತ್ರ ರಂಗಕ್ಕೆ ಬಂದ ಕೂಡಲೇ ತಮ್ಮ ನಾಮಾಂಕಿತವೇನು, ಬಂದ ಕಾರಣವೇನು ಎಂದು ಕೇಳುವವನು ಅವನು. ರಾಜ 'ಎಲೈ ಸಾರಥೀ' ಎಂದು ಗರ್ಜಿಸುತ್ತಾನೆ, ಸಾರಥಿ ಕೈಕಟ್ಟಿ ನಿಲ್ಲುತ್ತಾನೆ. ನೋಡಲು ಆಳು, ಆದರೆ ಆಟದ ಲಗಾಮು ಅವನ ಕೈಯಲ್ಲೇ ಇದೆ. ಅವನು ಕಥೆಯ ಒಳಗೂ ಇದ್ದಾನೆ, ಹೊರಗೂ ಇದ್ದಾನೆ. ರಾಜನ ಮಾತು ಮರೆತು ಹೋದಾಗ 'ಪ್ರಭೂ, ತಮ್ಮ ತಮ್ಮಂದಿರ ವಿಷಯ ಹೇಳುತ್ತೇನೆಂದಿರಲ್ಲ' ಎಂದು ಮುಂದಿನ ಸಾಲಿನ ಎಳೆ ಎತ್ತಿಕೊಡುತ್ತಾನೆ. ಕಿರೀಟ ಸಡಿಲಾದರೆ 'ಕೋಪದ ಭರದಲ್ಲಿ ಕಿರೀಟ ಓರೆಯಾಯಿತು, ಅಪ್ಪಣೆಯಾದರೆ ನೇರ ಮಾಡುವೆ' ಎಂದು ಹಗ್ಗ ಬಿಗಿಯುತ್ತಾನೆ. ದಣಿದು ಏದುಸಿರು ಬಿಡುವ ರಾಕ್ಷಸನನ್ನು ಕಂಡರೆ ಒಂದು ಹಾಸ್ಯದ ಮಾತು ತೆಗೆದು ಜನರನ್ನು ತನ್ನ ಕಡೆ ಸೆಳೆದುಕೊಳ್ಳುತ್ತಾನೆ. ಅಷ್ಟರಲ್ಲಿ ರಾಕ್ಷಸ ಒಂದು ಗುಟುಕು ನೀರು ಕುಡಿದಿರುತ್ತಾನೆ.

ಇಬ್ಬರ ವಾದ ಪಾತ್ರದ ಗೆರೆ ದಾಟಿತೆಂದು ಅನಿಸಿದಾಗ ಸಾರಥಿ ಏನು ಮಾಡುತ್ತಾನೆ ಎಂಬುದನ್ನು ಹೊಸಬರು ಕಾದು ನೋಡಬೇಕು. ನುರಿತವನಾದರೆ ದನಿ ಏರಿಸುವುದಿಲ್ಲ. ಇಬ್ಬರ ನಡುವೆ ಬಂದು ನಿಲ್ಲುತ್ತಾನೆ, ಬೆನ್ನು ಒಬ್ಬನಿಗೆ, ಮುಖ ಇನ್ನೊಬ್ಬನಿಗೆ. 'ಮಹಾರಾಜರೇ, ಅರಮನೆಯ ಮಾತು ಅರಮನೆಯಲ್ಲೇ ಇರಲಿ' ಎಂದು ನಗುತ್ತಲೇ ಹೇಳುತ್ತಾನೆ. ಪ್ರೇಕ್ಷಕರಿಗೆ ಅದು ಸಂಭಾಷಣೆ, ಆ ಇಬ್ಬರಿಗೆ ಮಾತ್ರ ಅಪ್ಪಣೆ. ಈ ಪಾತ್ರಕ್ಕೆ ಯಾರನ್ನು ಹಾಕಬೇಕೆಂದು ಮಾಸ್ತರರು ಬಹಳ ಯೋಚಿಸುತ್ತಾರೆ. ಊರಲ್ಲಿ ಎಲ್ಲರ ಜೊತೆ ಸಲಿಗೆ ಇದ್ದು ಯಾರ ಜೊತೆಗೂ ಕಚ್ಚಾಟ ಇಲ್ಲದವನು ಬೇಕು. ಅಂಥವನು ಸಿಕ್ಕಿದರೆ ಆಟ ಅರ್ಧ ಗೆದ್ದಂತೆ. ಕರ್ಣನ ಪಾತ್ರ ಯಾರದ್ದು ಎಂದು ಜನ ಕೇಳುತ್ತಾರೆ. ಸಾರಥಿ ಯಾರು ಎಂದು ಕೇಳುವವರು ಆಟ ಬಲ್ಲವರು.

ಎರಡನೆಯದು ಹಿಮ್ಮೇಳ. ಪಾತ್ರಧಾರಿ ಹಾಡು ಎತ್ತುತ್ತಾನೆ, ಕೊನೆಯ ಸಾಲನ್ನು ಹಿಮ್ಮೇಳದವರು ಏರುದನಿಯಲ್ಲಿ ಹಿಡಿದುಕೊಳ್ಳುತ್ತಾರೆ, ಅವನು ಕುಣಿಯುತ್ತಾನೆ. ಆ ಸಾಲು ಎಷ್ಟು ಸಲ ತಿರುಗುತ್ತದೆ ಎಂಬುದು ಪುಸ್ತಕದಲ್ಲಿಲ್ಲ. ಅದು ಕುಣಿಯುವವನ ಎದೆಯುಸಿರಿನ ಮೇಲಿದೆ. ಹುರುಪಿದ್ದರೆ ಇನ್ನೆರಡು ಸಲ ತಿರುಗಿಸುತ್ತಾರೆ. ಕಾಲು ತಡವರಿಸಿತೆಂದರೆ ಮದ್ದಳೆಯವನು ಮುಕ್ತಾಯದ ಪೆಟ್ಟು ಹಾಕುತ್ತಾನೆ, ಎಲ್ಲರೂ ಒಟ್ಟಿಗೆ ನಿಲ್ಲುತ್ತಾರೆ. ಬಿಡದೆ ಕುಣಿದು ಕಣ್ಣು ಕತ್ತಲೆಗೆ ಬಂದವನಿಗೆ ತಾನು ನಿಲ್ಲಬೇಕೆಂಬುದು ತನಗೇ ಗೊತ್ತಾಗದು, ಮದ್ದಳೆಗೆ ಗೊತ್ತಾಗುತ್ತದೆ. ಮದ್ದಳೆಯವನು ಯಾವಾಗಲೂ ಪಾದ ನೋಡುತ್ತಾನೆ, ಮುಖ ನೋಡುವುದಿಲ್ಲ. ಮುಖದಲ್ಲಿ ಬಣ್ಣವಿದೆ, ಅದು ಸುಳ್ಳು ಹೇಳಬಹುದು.

ಯುದ್ಧ ಬಂದಾಗ ನಿಮ್ಮ ಕಣ್ಣು ಕತ್ತಿಯಿಂದ ಕಾಲಿಗೆ ಇಳಿಯಲಿ. ಇಬ್ಬರು ವೀರರು ಎದುರುಬದುರು ನೆಗೆಯುತ್ತ, ಜಾಗ ಬದಲಿಸುತ್ತ, ಸುತ್ತು ಹಾಕುತ್ತ ಕಾದುತ್ತಾರೆ. ಅವರ ನಡುವಿನ ಅಂತರ ಒಂದೇ ಸಮ ಇದೆಯೇ ನೋಡಿ. ತಾಲೀಮಿನಲ್ಲಿ ಮಾಸ್ತರರು ತಿಂಗಳುಗಟ್ಟಲೆ ತಿದ್ದುವುದು ಇದನ್ನೇ. 'ಲೇ ತಮ್ಮಾ, ಅವನ ಕಾಲು ನೋಡ್ಕೆಂತ ಕುಣಿಯೋ' ಎಂಬ ಕೂಗು ತಾಲೀಮಿನ ಮನೆಯಿಂದ ಬೀದಿಗೂ ಕೇಳುತ್ತಿರುತ್ತದೆ. ಪೆಟ್ಟು ಬೀಳುವ ಮೊದಲು ಒಂದು ಕ್ಷಣ ಇಬ್ಬರ ಕಣ್ಣೂ ಕೂಡುತ್ತದೆ. ಕೂಡದಿದ್ದರೆ ಒಳ್ಳೆಯ ಆಟಗಾರ ಗದೆ ಬೀಸುವುದೇ ಇಲ್ಲ, ಇನ್ನೊಂದು ಸುತ್ತು ಹೆಚ್ಚಿಗೆ ಕುಣಿದುಬಿಡುತ್ತಾನೆ. ಹಿಮ್ಮೇಳ ಅದನ್ನು ಅರಿತು ಸಾಲನ್ನು ಮತ್ತೊಮ್ಮೆ ಹಿಡಿಯುತ್ತದೆ. ಪೆಟ್ಟಿನ ಸದ್ದನ್ನು ಕೊಡುವುದು ಗದೆಯಲ್ಲ, ಮದ್ದಳೆ ಮತ್ತು ಹಲಗೆ. ಹಿಮ್ಮಡಿ ಹಲಗೆಗೆ ಅಪ್ಪಳಿಸಿದಾಗ ಕೂತವರ ಎದೆಗೆ ಗದೆ ತಗುಲಿದಂತಾಗುತ್ತದೆ, ಎದುರಾಳಿಯ ಮೈಗೆ ಕೂದಲೂ ಸೋಕಿರುವುದಿಲ್ಲ.

ನಾನು ಬಹಳ ಹೊತ್ತು ನಿಂತು ನೋಡುವುದು ದ್ರೌಪದಿಯ ಪ್ರಸಂಗ. ಹಳ್ಳಿಯ ದ್ರೌಪದಿ ಹಿಂದೆಲ್ಲ ಊರಿನ ಹುಡುಗನೇ. ಗಂಡಸೇ ಆದರೂ ಸೀರೆ ಉಟ್ಟು ಊರೆದುರು ಮಾನ ಬೇಡುವುದು ಸುಲಭದ ಮಾತಲ್ಲ, ಮರುದಿನ ಕಟ್ಟೆಯ ಮೇಲೆ ಕೂತವರು ಆಡಿಕೊಳ್ಳುತ್ತಾರೆ. ಇಲ್ಲಿ ಗಮನಿಸಿ: ಉಟ್ಟ ಸೀರೆ ಬೇರೆ, ಎಳೆಸಿಕೊಳ್ಳುವ ಸೀರೆ ಬೇರೆ. ದುಶ್ಶಾಸನ ಸೆಳೆಯುತ್ತಿರುವಂತೆ ಕಾಣುತ್ತದೆ, ಚೆನ್ನಾಗಿ ಪಳಗಿದ ಜೋಡಿಯಲ್ಲಿ ನಿಜಕ್ಕೂ ಸೀರೆ ಬಿಡುವುದು ದ್ರೌಪದಿ. ತಿರುಗುವ ವೇಗ ಅವಳದ್ದು, ನಿಲ್ಲುವ ಜಾಗ ಅವಳದ್ದು. ಅವಳು 'ಕೃಷ್ಣಾ' ಎಂದು ಎತ್ತಿದ ದನಿಗೆ ತಾಳ ಬದಲಾಗುತ್ತದೆ, ತಾಳ ಬದಲಾದ ಕೂಡಲೇ ದುಶ್ಶಾಸನನ ಕೈ ಸಡಿಲಾಗುತ್ತದೆ. ನೋವು ತಿನ್ನುವ ಪಾತ್ರದ ಕೈಯಲ್ಲೇ ನೋವಿನ ಅಳತೆ ಇರಬೇಕು. ಬಯಲಾಟ ನನಗೆ ಕಲಿಸಿದ ಅತಿ ದೊಡ್ಡ ಸಂಗತಿ ಇದು. ಈ ಅಳತೆ ದುಶ್ಶಾಸನನ ಕೈಗೆ ಹೋದ ಆಟವನ್ನು ನೀವು ಎಂದಾದರೂ ಕಂಡರೆ ನಿಮಗೇ ತಿಳಿಯುತ್ತದೆ: ಅಲ್ಲಿ ಅಳು ಹುಟ್ಟುವುದಿಲ್ಲ, ಮುಜುಗರ ಹುಟ್ಟುತ್ತದೆ. ಅಂಥಲ್ಲಿ ಶಿಳ್ಳೆ ಹೊಡೆಯುವ ಮಂದಿಯೂ ಇರುತ್ತಾರೆ. ಅವರ ಜೊತೆ ಸೇರಬೇಡಿ.

ದೊಡ್ಡಾಟದ ಪಕ್ಕದಲ್ಲೇ ನಮ್ಮ ಸೀಮೆಯಲ್ಲಿ ನಾಟಕವೂ ಬೆಳೆದಿದೆ. ಕಂದಗಲ್ಲ ಹನುಮಂತರಾಯರ 'ರಕ್ತರಾತ್ರಿ', 'ಕುರುಕ್ಷೇತ್ರ' ಇಂದಿಗೂ ಹಳ್ಳಿಗಳಲ್ಲಿ ಏರುತ್ತವೆ. ಬಳ್ಳಾರಿಯ ಸುಭದ್ರಮ್ಮ ಮನ್ಸೂರು 'ರಕ್ತರಾತ್ರಿ'ಯ ದ್ರೌಪದಿಯಾಗಿ ಹೆಸರಾದವರು, 2020ರಲ್ಲಿ ತೀರಿಕೊಂಡರು. ನಾಟಕದ ಸ್ತ್ರೀಪಾತ್ರಗಳಿಗೆ ಕಲಾವಿದೆಯರನ್ನು ಹೊರಗಿನಿಂದ ಕರೆಸುತ್ತಾರೆ. ಮರಿಯಮ್ಮನಹಳ್ಳಿ ಅದಕ್ಕೆ ಹೆಸರಾದ ಊರು. ಈ ಹೆಣ್ಣುಮಕ್ಕಳ ಪರಿಸ್ಥಿತಿ ನೋಡಿ. ಊರಿನ ಗಂಡಸರು ತಿಂಗಳುಗಟ್ಟಲೆ ಕೂಡಿ ಕಲಿತಿರುತ್ತಾರೆ. ಈ ಕಲಾವಿದೆಯರು ಸಂಜೆ ಬಸ್ಸಿಳಿದು ಬಂದು ಒಂದು ಸುತ್ತು ಮಾತು ಕೂಡಿಸಿ, ರಾತ್ರಿ ಆ ಅಪರಿಚಿತರ ಹೆಂಡತಿಯಾಗಿ, ತಾಯಿಯಾಗಿ, ಪ್ರೇಯಸಿಯಾಗಿ ರಂಗಕ್ಕೆ ಬರಬೇಕು. ಕೈ ಹಿಡಿಯುವುದು ಎಲ್ಲಿಯವರೆಗೆ, ಹತ್ತಿರ ಬರುವುದು ಎಷ್ಟು ಎಂಬುದನ್ನು ಆ ಒಂದು ಸುತ್ತಿನಲ್ಲೇ ಗೊತ್ತುಮಾಡಿಕೊಳ್ಳಬೇಕು. ಅನುಭವಿ ಕಲಾವಿದೆ ಮೊದಲು ಮಾತಾಡಿಸುವುದು ನಾಯಕನನ್ನಲ್ಲ, ಹಾರ್ಮೋನಿಯಂ ಮಾಸ್ತರರನ್ನು. ಯಾವ ಹಾಡು ಯಾವ ಮಟ್ಟಿನಲ್ಲಿ, ಎಷ್ಟು ನುಡಿ ಎಂದು ಕೇಳಿಕೊಳ್ಳುತ್ತಾಳೆ. ನಾಯಕ ಮೈಮೇಲೆ ಬಿದ್ದಂತೆ ಆಡಿದರೆ ಅವಳು ಮಾತು ಬಿಟ್ಟು ಹಾಡು ಎತ್ತಿಕೊಳ್ಳುತ್ತಾಳೆ, ಹಾರ್ಮೋನಿಯಂ ಕೂಡಲೇ ಸ್ವರ ಕೊಡುತ್ತದೆ, ಹಾಡುವವಳಿಂದ ನಾಯಕ ದೂರ ನಿಲ್ಲಲೇಬೇಕಾಗುತ್ತದೆ. ದೃಶ್ಯ ಕೆಡಲಿಲ್ಲ, ಯಾರ ಮರ್ಯಾದೆಯೂ ಹೋಗಲಿಲ್ಲ. ನಾಟಕದ ನಡುವೆ ಎಣಿಸದ ಜಾಗದಲ್ಲಿ ಹಾಡು ಬಂತೆಂದರೆ ಹೊಸಬರು ಅದು ಏತಕ್ಕೆ ಬಂತೆಂದು ಯೋಚಿಸಬೇಕು.

ಪ್ರೇಕ್ಷಕರಿಗೂ ಇಲ್ಲೊಂದು ಕೂಗಿದೆ: 'ವನ್ಸ್ ಮೋರ್'. ಕಂಪನಿ ನಾಟಕಗಳ ಕಾಲದಿಂದ ಬಂದ ಕೂಗು ಅದು. ರಂಗಗೀತೆ ಮೆಚ್ಚಿದರೆ ಮತ್ತೆ ಹಾಡಿಸುವುದು. ಹಾಡುವವರಿಗೆ ಇದಕ್ಕಿಂತ ದೊಡ್ಡ ಬಹುಮಾನ ಇಲ್ಲ, ಒಪ್ಪುತ್ತೇನೆ. ಆದರೆ ಒಂದೇ ಹಾಡನ್ನು ಮೂರನೆಯ ಸಲ, ನಾಲ್ಕನೆಯ ಸಲ ಕೇಳುವುದು ಗಂಟಲಿಗೆ ಮಾಡುವ ಹಿಂಸೆ. ಆಗ ತೀರ್ಪು ಹಾರ್ಮೋನಿಯಂ ಮಾಸ್ತರರದ್ದು. ಅವರು ಮತ್ತೆ ಅದೇ ಮಟ್ಟು ಹಿಡಿದರೆ ಹಾಡುವವರಿಗೆ ಶಕ್ತಿ ಇದೆ ಎಂದು, ಮುಂದಿನ ದೃಶ್ಯದ ಸ್ವರ ಹಿಡಿದರೆ ಸಾಕು ಎಂದು. ಮಾಸ್ತರರ ಬೆರಳಿನ ಮಾತು ಕೇಳಿ ಸುಮ್ಮನಾಗುವ ಊರು ಕಲಾವಿದರಿಗೆ ಇಷ್ಟದ ಊರು.

ಇಷ್ಟು ಹೇಳಿ ಮೈಲಾರಕ್ಕೆ ಹೋಗದಿದ್ದರೆ ಈ ಕೈಪಿಡಿ ಅಪೂರ್ಣ. ಹಡಗಲಿ ತಾಲ್ಲೂಕಿನ ಮೈಲಾರ, ತುಂಗಭದ್ರೆಯ ದಡದ ಊರು. ಭರತ ಹುಣ್ಣಿಮೆಯ ಜಾತ್ರೆಗೆ ಅಲ್ಲಿ ಲಕ್ಷಾಂತರ ಜನ ಸೇರುತ್ತಾರೆ. ಮೈಲಾರಲಿಂಗ ಮಣಿ ಮಲ್ಲಾಸುರರನ್ನು ಕೊಂದ ಕಥೆಯನ್ನು ಅಲ್ಲಿ ಯಾರೂ ಕೂತು ಕೇಳುವುದಿಲ್ಲ, ಬಂದವರೆಲ್ಲ ಅದರೊಳಗೆ ಇರುತ್ತಾರೆ. ಕರಿ ಕಂಬಳಿಯ ಗೊರವರು ದೇವರ ನಾಯಿಗಳಾಗಿ ಬೊಗಳುತ್ತ, ದೋಣಿಯಲ್ಲಿ ಹಾಕಿದ ಹಾಲು ಬಾಳೆಹಣ್ಣಿಗೆ ಒಬ್ಬರ ಮೇಲೊಬ್ಬರು ಮುಗಿಬೀಳುತ್ತಾರೆ. ಅದು ಭಕ್ತಿ, ಆಟವೆಂದು ಕರೆದು ಹಗುರ ಮಾಡುವುದು ನನ್ನ ಉದ್ದೇಶವಲ್ಲ. ಪಾತ್ರವಾಗುವುದು ಎಂದರೆ ಎಷ್ಟು ಆಳಕ್ಕೆ ಹೋಗಬಹುದು ಎಂಬುದನ್ನು ಅಲ್ಲಿ ಕಾಣಬಹುದು, ಅಷ್ಟಕ್ಕೆ ಹೇಳಿದೆ.

ಮೈಲಾರದ ಡೆಂಕನ ಮರಡಿಯಲ್ಲಿ ಕಾರಣಿಕ, ಅಂದರೆ ದೇವರ ಭವಿಷ್ಯನುಡಿ, ನಡೆಯುತ್ತದೆ. ರಥಸಪ್ತಮಿಯಿಂದ ಉಪವಾಸವಿದ್ದ ಗೊರವಯ್ಯ ಬಂದು, ನಿಲ್ಲಿಸಿ ಹಿಡಿದ ಎತ್ತರದ ಬಿಲ್ಲನ್ನು ಏರುತ್ತಾನೆ. ಆ ಬಿಲ್ಲು ಹದಿನೈದು ಅಡಿಗೂ ಕಮ್ಮಿಯಿಲ್ಲ. ಕೆಳಗೆ ಕಣ್ಣಳತೆ ದಾಟಿದ ಜನ, ಡಮರುಗ, 'ಏಳುಕೋಟಿ' ಎಂಬ ಕೂಗು, ಧೂಳು. ತುದಿ ಮುಟ್ಟಿದ ಗೊರವಯ್ಯ ಒಂದೇ ಮಾತು ಕೂಗುತ್ತಾನೆ: 'ಸದ್ದಲೇ!'

ಸುತ್ತಣ ಬಯಲೆಲ್ಲ ಒಮ್ಮೆಲೇ ನಿಶ್ಶಬ್ದವಾಗುತ್ತದೆ. ಮೈಕಿನ ಬಲವಿಲ್ಲದೆ, ಪೊಲೀಸರ ಸೀಟಿಯಿಲ್ಲದೆ, ಒಂದು ಪದಕ್ಕೆ ಅಷ್ಟು ಜನ ನಿಲ್ಲುತ್ತಾರೆ. 'ಹೋಲ್ಡ್' ಎಂಬ ಕೂಗಿಗೆ ಮೈದಾನದ ಆಟಗಾರರು ನಿಲ್ಲುತ್ತಾರೆ, ಅವರು ನಿಯಮ ಓದಿ ಬಂದವರು. 'ಸದ್ದಲೇ'ಗೆ ನಿಲ್ಲುವವರು ಯಾವ ಪುಸ್ತಕವನ್ನೂ ಓದಿ ಬಂದವರಲ್ಲ. ಅಪ್ಪನ ಹೆಗಲ ಮೇಲೆ ಕೂತು ನೋಡಿ ಕಲಿತವರು. ಆ ಮೌನದಲ್ಲಿ ಗೊರವಯ್ಯ ಕಾರಣಿಕದ ಒಂದು ಸಾಲು ನುಡಿದು, ಬಿಲ್ಲಿನ ತುದಿಯಿಂದ ಕೈಬಿಡುತ್ತಾನೆ. ಕೆಳಗೆ ನಿಂತ ಗೊರವರು, ಭಕ್ತರು ಹಿಡಿದುಕೊಳ್ಳುತ್ತಾರೆ.

ಹೆಚ್ಚಿನವರು ಆ ಸಾಲಿನ ಅರ್ಥದ ಹಿಂದೆ ಬೀಳುತ್ತಾರೆ, ಮಳೆ ಬಂದೀತೇ, ಸರ್ಕಾರ ಉಳಿದೀತೇ ಎಂದು. ರಸಿಕರು ಬೇರೆಯದನ್ನೂ ನೋಡಬೇಕು. ಆ ಮೌನ ಎರಡು ಕೆಲಸ ಮಾಡುತ್ತದೆ. ಸಾಲು ಕೇಳಿಸುತ್ತದೆ, ಅದರ ಜೊತೆಗೇ ಬೀಳುವವನನ್ನು ಹಿಡಿಯಬೇಕಾದವರ ಗಮನ ಒಂದೇ ಕಡೆ ಕೂಡುತ್ತದೆ. ನೂಕುನುಗ್ಗಲು ನಡೆದಿದ್ದರೆ, ಎಲ್ಲರೂ ಕೂಗುತ್ತಿದ್ದರೆ ಆ ಕೈಗಳು ಸಮಯಕ್ಕೆ ಒದಗುತ್ತಿದ್ದವೇ? ಹನ್ನೊಂದು ದಿನ ಹಸಿದ ಮನುಷ್ಯ ಅಷ್ಟೆತ್ತರದಿಂದ ಬೆನ್ನು ಕೊಟ್ಟು ಬೀಳುತ್ತಾನೆ. ಕೆಳಗಿನವರ ಮೇಲೆ ಅವನಿಗಿರುವ ನಂಬಿಕೆಯನ್ನು ನೋಡಿ. ಕಾರಣಿಕ ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲೂ ಇದೆ, ಕಡೂರು ಕಡೆಯ ಬೀರೂರಿನಲ್ಲೂ ಇದೆ. ಮೈಲಾರ ನಮ್ಮ ಮಗ್ಗುಲಲ್ಲೇ ಇದೆ, ಅಲ್ಲಿಂದ ಶುರುಮಾಡಿ.

ವೀರಭದ್ರನ ಸೇವೆಯ ಪುರವಂತರು ಹೇಳುವ ಒಡಪಿಗೂ ಇದೇ ಕಣ್ಣು ಬೇಕು. ವೀರಭದ್ರನ ಆವೇಶದಲ್ಲಿ ಪುರವಂತ ದಕ್ಷನನ್ನು ಜರೆಯುತ್ತ ಏರುತ್ತಾನೆ, ಸಮ್ಮೇಳ ವಾದ್ಯ ಏರುತ್ತದೆ, ಒಡಪು ಮುಗಿಯುವ ಕೊನೆಯ ಪದಕ್ಕೆ ವಾದ್ಯ ಒಮ್ಮೆ ಹೊಮ್ಮಿ ಇಳಿಯುತ್ತದೆ. ಮೈಗೆ ಶಸ್ತ್ರ ಚುಚ್ಚಿಕೊಳ್ಳುವ ಹೊತ್ತಿಗೆ ಪಕ್ಕದಲ್ಲಿ ಒಬ್ಬ ಹಿರಿಯ ಕೈ ಹಿಡಿದು ನಿಂತಿರುತ್ತಾನೆ. ಅವನ ಮುಖ ನೋಡಿ, ಶಸ್ತ್ರವನ್ನಲ್ಲ.

ಈಗಿನ ಆಟಗಳ ಬಗ್ಗೆ ನನಗೊಂದು ಆತಂಕವಿದೆ. ಸೌಂಡ್ ಸಿಸ್ಟಂ ಬಾಡಿಗೆಗೆ ತಂದು, ಆಳೆತ್ತರದ ಪೆಟ್ಟಿಗೆಗಳನ್ನು ಅಟ್ಟದ ಎರಡೂ ಕಡೆ ನಿಲ್ಲಿಸಿ, ಹಾರ್ಮೋನಿಯಂಗೊಂದು, ಪಾತ್ರಕ್ಕೊಂದು ಮೈಕು ಕೊಡುತ್ತಾರೆ. ಜನಕ್ಕೆ ಕೇಳುತ್ತದೆ, ಸರಿ. ಆದರೆ ತಾಳದ ಸಣ್ಣ ಪೆಟ್ಟು ಆಟಗಾರನ ಕಿವಿಗೆ ಮುಟ್ಟುವುದಿಲ್ಲ. ಮದ್ದಳೆಯವನು ಮುಕ್ತಾಯ ಹಾಕಿದರೂ ಕುಣಿಯುವವನಿಗೆ ಗೊತ್ತಾಗುವುದು ಒಂದು ಸುತ್ತು ತಡವಾಗಿ. ಕಣ್ಣಿಗೆ ಕುಕ್ಕುವ ಬಣ್ಣದ ಲೈಟು ಹಾಕಿದರಂತೂ ಎದುರಾಳಿಯ ಕಣ್ಣು ಕಾಣುವುದೇ ಇಲ್ಲ. ಕಣ್ಣು ಕೂಡದೆ ಗದೆ ಬೀಸಬಾರದೆಂಬ ಪಾಠ ಆ ಬೆಳಕಿನಲ್ಲಿ ನಡೆಯುವುದು ಹೇಗೆ? ಕಾಣಿಕೆ ಕೊಟ್ಟವರ ಹೆಸರನ್ನು ಮೈಕಿನಲ್ಲಿ ಓದುವ ರೂಢಿಯನ್ನು ಮಾತ್ರ ನಾನು ಬೈಯುವುದಿಲ್ಲ. ಆಟ ನಿಲ್ಲಿಸುತ್ತದೆ ಎಂದು ಪಟ್ಟಣದಿಂದ ಬಂದವರು ಗೊಣಗುತ್ತಾರೆ. ಆ ಎರಡ್ಮೂರು ನಿಮಿಷ ಪಾತ್ರಧಾರಿಗೆ ಸಿಗುವ ನಿಜವಾದ ವಿಶ್ರಾಂತಿ. ಅವನು ಪಾತ್ರ ಬಿಡದೆ, ಕಿರೀಟ ಇಳಿಸದೆ, ಗೋಣು ಸಡಿಲಿಸಿ ನಿಲ್ಲುವುದನ್ನು ನೋಡಿ.

ಹೊಸಬರು ಕೂರುವ ಜಾಗದ ಬಗ್ಗೆಯೂ ಒಂದು ಮಾತು. ನಟ್ಟನಡುವೆ ಮುಂದಿನ ಸಾಲಿನಲ್ಲಿ ಕೂತರೆ ವೇಷ ಮಾತ್ರ ಕಾಣುತ್ತದೆ. ಮಗ್ಗುಲಿಗೆ ಸರಿದು, ಹಿಮ್ಮೇಳದವರ ಮುಖ ಮತ್ತು ಪಾತ್ರದ ಕಾಲು ಎರಡೂ ಕಾಣುವ ಕಡೆ ಕೂರಿ. ಮಕ್ಕಳನ್ನು ಅಟ್ಟದ ಅಂಚಿಗೆ ಆನಿಸಿ ಕೂರಿಸಬೇಡಿ. ರಾಕ್ಷಸ ಜನರ ನಡುವಿನಿಂದ ಬರುವ ಪ್ರಸಂಗವಾದರೆ ದಾರಿ ಖಾಲಿ ಬಿಡಿ, ಪಂಜಿನವರು 'ದಾರಿ ಬಿಡ್ರೀ' ಅಂದಾಗ ಮೊಬೈಲ್ ಹಿಡಿದು ನಿಲ್ಲಬೇಡಿ. ಕುಣಿಯುವವನ ಕಣ್ಣಿಗೆ ಫ್ಲಾಶ್ ಹೊಡೆಯುವುದು ಅವನ ಕೈಯ ಗದೆಯನ್ನು ಇನ್ನೊಬ್ಬನ ತಲೆಗೆ ತಿರುಗಿಸಿದಂತೆ. ಬೆಳಗಿನ ಜಾವ ಮಂಗಳ ಹಾಡುವವರೆಗೆ ಎದ್ದು ಹೋಗಬೇಡಿ, ರಾತ್ರಿಯೆಲ್ಲ ಬೈದಾಡಿದವರು ಅಲ್ಲಿ ಒಟ್ಟಿಗೆ ಕೈಮುಗಿದು ನಿಲ್ಲುತ್ತಾರೆ.

ಬಾಗಲಕೋಟೆಯಲ್ಲಿ ಕರ್ನಾಟಕ ಬಯಲಾಟ ಅಕಾಡೆಮಿ ಇದೆ, ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಇದೆ. ಹಾಡು, ಮಾತು, ಪ್ರಸಂಗಗಳ ಸಂಗ್ರಹ ಅವರು ಮಾಡಲಿ. ಮದ್ದಳೆಯ ಯಾವ ಪೆಟ್ಟಿಗೆ ಯಾರು ನಿಲ್ಲಬೇಕು, ಸಾರಥಿ ಯಾವಾಗ ನಡುವೆ ಬರಬೇಕು ಎಂಬ ವಿದ್ಯೆ ನಿಮ್ಮೂರ ಮಾಸ್ತರರ ತಲೆಯಲ್ಲಿದೆ. ಅವರಿಗೆ ವಯಸ್ಸಾಗಿದೆ. ಈ ಸಲ ಊರಲ್ಲಿ ಆಟ ಕಟ್ಟುತ್ತಿದ್ದರೆ ತಾಲೀಮಿನ ಮನೆಗೆ ಹೋಗಿ, ಅಪ್ಪಣೆ ಕೇಳಿ ಮೂಲೆಯಲ್ಲಿ ಕೂರಿ. ತಾಲೀಮು ಮುಗಿದ ಮೇಲೆ 'ಮಾಸ್ತರ್ರೇ, ಅಲ್ಲಿ ತಾಳ ಯಾಕೆ ನಿಲ್ಲಿಸಿದ್ರಿ' ಎಂದು ಕೇಳಿ. ಅವರು ಹೇಳಿದ್ದನ್ನು ಬರೆದಿಟ್ಟುಕೊಳ್ಳಿ, ಮುಂದಿನ ವರ್ಷ ಸಾರಥಿಯಾಗುವ ಹುಡುಗನಿಗೆ ಕೊಡಿ.